ನೆಸ್ಟರ್‌ಗೆ ನಾನು ಹೇಳಿದ ತಾರೀಖು

ನೆಸ್ಟರ್‌ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕಿದೆ? ಐವತ್ತು ವರ್ಷದ ಸ್ನೇಹ, ಕಿಚ್ಚಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ಮದುವೆಯಾಗದೆ ಉಳಿದ ಅವನು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ಈ ಸಸ್ಕ್ಯಾಚೆವಾನ್ ಬಯಲಿನ ಅರ್ಧ ಜನ ಅವನ ಬಸ್ಸಿನಲ್ಲಿ ಕೂತು ಬೆಳೆದವರು. ಬೇಸಿಗೆ ಬಂದರೆ ನಾವಿಬ್ಬರೂ ಮೋಟಾರ್‌ಸೈಕಲ್ ಹತ್ತಿ ಊರೂರು ಸುತ್ತುತ್ತೇವೆ. ಊರೆಂದರೆ ಒಂದು ಧಾನ್ಯದ ಕಣಜ, ನಮ್ಮ ಅಜ್ಜಂದಿರು ಉಕ್ರೇನಿನಿಂದ ಬಂದು ಕಟ್ಟಿದ ಗುಮ್ಮಟದ ಚರ್ಚು, ಹದಿನೈದು ಮನೆ. ಅವನ ಗಾಡಿ ಎಣ್ಣೆ ಸೋರುತ್ತದೆ. ಸ್ಪ್ಯಾನರ್ ಹೊತ್ತು ತಿರುಗುವವನು ನಾನು. ಗಾಡಿ ಕೆಟ್ಟು ನಿಂತಲ್ಲಿ ನನ್ನ ಕೈ ಮಸಿಯಾಗುತ್ತದೆ, ಅವನಿಗೆ ಕಾಫಿ ಬರುತ್ತದೆ. ಹಳೇ ಜೋಕೊಂದನ್ನು ಹೇಳಿ ಮುದುಕಿಯರನ್ನು ನಗಿಸುತ್ತಾನೆ. ಅದನ್ನೇ ನಾನು ಹೇಳಿದರೆ "ಆಮೇಲೆ?" ಎನ್ನುತ್ತಾರೆ.

ಇದನ್ನೆಲ್ಲ ಸಹಿಸಿದ್ದೆ, ಯುಸ್ತಿನಾ ವಿಷಯ ಬರುವವರೆಗೆ. ಝೊರಿಯಾ ಊರಿನ ವಿಧವೆ. ಸುತ್ತಮುತ್ತ ಯಾವ ಚರ್ಚಿನಲ್ಲಿ ಊಟವಿದ್ದರೂ ಬಡಿಸಲು ಬರುತ್ತಾಳೆ. ಹೆಂಡತಿ ತೀರಿಹೋಗಿ ಆರು ವರ್ಷವಾದ ಮೇಲೆ ನನಗೆ ಮತ್ತೊಬ್ಬರ ಪಕ್ಕ ಕೂತು ಉಣ್ಣಬೇಕೆನಿಸಿದ್ದು ಅವಳನ್ನು ನೋಡಿ. ಕೇಳಲು ಬಾಯಿ ಬಂದಿರಲಿಲ್ಲ.

ಜೂನಿನಲ್ಲಿ ಅಂಥ ಒಂದು ಊಟದಲ್ಲಿ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಹಿಡಿದು ಬಂದವಳು, "ನೆಸ್ಟರ್, ಇನ್ನೆರಡು ಹಾಕ್ತೀನಿ, ಬೇಡ ಅನ್ಬೇಡಿ" ಎಂದಳು. ನನ್ನ ಕಡೆ ತಿರುಗಿ, "ನಿಮಗೆ ಸಾಕಲ್ವಾ ಓರೆಸ್ಟ್?"

ಸಾಕೆಂದೆ. ನನ್ನ ಹಣೆಬರಹ.

"ಪೀಟರ್-ಪಾಲ್ ಹಬ್ಬಕ್ಕೆ ನಮ್ಮೂರಿಗೆ ಬನ್ನಿ ಇಬ್ರೂ" ಎಂದು ಕರೆದಳು.

ಝೊರಿಯಾದಲ್ಲಿ ಆ ಹಬ್ಬ ಎರಡು ಸಲ. ರಸ್ತೆಯ ಈಚೆಯ ಚರ್ಚು ಹೊಸ ಪಂಚಾಂಗದ್ದು, ಜೂನ್ ಇಪ್ಪತ್ತೊಂಬತ್ತಕ್ಕೆ ಮಾಡುತ್ತದೆ. ಆಚೆಯದು ಹಳೆಯ ಪಂಚಾಂಗದ್ದು, ಜುಲೈ ಹನ್ನೆರಡಕ್ಕೆ.

"ಲೋ ಓರೆಸ್ಟ್, ಯುಸ್ತಿನಾದು ಯಾವ ಚರ್ಚೋ? ಯಾವತ್ತು ಹೋಗೋಣ?" ವಾಪಸು ಹೊರಡುವಾಗ ನೆಸ್ಟರ್ ಕೇಳಿದ.

ಅವಳು ಈಚೆಯ ಚರ್ಚಿನಲ್ಲಿ ಹಾಡುವುದು ನನಗೆ ಗೊತ್ತಿತ್ತು. "ಹಳೇದು ಕಣೋ. ಜುಲೈ ಹನ್ನೆರಡು. ನಂಗೆ ಬರಕ್ಕಾಗಲ್ಲ, ತಂಗಿ ಮನೇಲಿ ಕೆಲ್ಸ ಇದೆ. ನೀನೊಬ್ನೇ ಹೋಗು" ಎಂದೆ. ಹೇಳುವಾಗ ಎದೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಇಪ್ಪತ್ತೊಂಬತ್ತರಂದು ಬೂಟು ಉಜ್ಜಿ, ಕಸೂತಿ ಅಂಗಿ ತೊಟ್ಟು, ಕೇಳಬೇಕಾದ ಮಾತನ್ನು ನೂರು ಕಿಲೋಮೀಟರ್ ಹೆಲ್ಮೆಟ್ಟಿನೊಳಗೇ ಅಭ್ಯಾಸ ಮಾಡುತ್ತ ಹೋದೆ. ಬಡಿಸಲು ಬಂದವಳು ಬೇರೊಬ್ಬ ಮುದುಕಿ.

"ಯುಸ್ತಿನಾ ಎಲ್ಲಿ?"

"ಮಗಳ ಮನೆಗೆ ಹೋಗಿದಾಳೆ. ಈ ವರ್ಷ ಹನ್ನೆರಡಕ್ಕೇ ಹಬ್ಬ ಮಾಡ್ತೀನಿ ಅಂದ್ಲು. ಅವತ್ತು ಆಚೆ ಚರ್ಚಲ್ಲಿ ಪಾದ್ರಿಗಳು ಸಮಾಧಿಗಳಿಗೆ ಆಶೀರ್ವಾದ ಮಾಡ್ತಾರಲ್ಲ, ಅವಳ ಗಂಡ ಇಲ್ಕೊ ಮಲಗಿರೋದು ಅಲ್ಲೇ ತಾನೆ?"

ಇಲ್ಕೊ! ಬದುಕಿದ್ದವನ ಮೇಲೇ ಕಣ್ಣಿಟ್ಟು ಕೂತ ನನಗೆ ಸತ್ತವನ ನೆನಪೇ ಆಗಿರಲಿಲ್ಲ. ಇನ್ನೊಂದು ಸುಳ್ಳು ಹೊಂದಿಸಿ ನೆಸ್ಟರ್‌ನನ್ನು ತಡೆಯಲು ಹದಿಮೂರು ದಿನವಿತ್ತು. ಒಂದೂ ಹೊಳೆಯಲಿಲ್ಲ.

ಹನ್ನೆರಡರಂದು ಮನೆಯಲ್ಲಿ ಕೂರಲಾಗದೆ, ಕೇಳಿದರೆ ತಂಗಿ ಮನೆಯ ಕೆಲಸ ಮುಗಿಯಿತೆಂದರಾಯಿತು ಎಂದುಕೊಂಡು ನಾನೂ ಹೋದೆ. ಇಲ್ಕೊನ ಸಮಾಧಿಯ ಮುಂದೆ ಯುಸ್ತಿನಾ ಅಳುತ್ತಿದ್ದಳು. ಪಕ್ಕದಲ್ಲಿ ಸಮಾಧಿಯ ಮೇಲಿಡಲು ಅವಳು ತಂದ ರೊಟ್ಟಿಯ ಬುಟ್ಟಿ ಹಿಡಿದು ನೆಸ್ಟರ್ ನಿಂತಿದ್ದ. ಜೋಕು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

ಊಟಕ್ಕೆ ಕೂತಾಗ ಅವಳು ನೇರ ನನ್ನ ಬಳಿ ಬಂದಳು.

"ಇವತ್ತೇ ಹೋಗು ಅಂತ ನೀವೇ ಕಳಿಸಿದ್ರಂತೆ, ನೆಸ್ಟರ್ ಹೇಳಿದ್ರು. ಒಬ್ಳೇ ಹೇಗಪ್ಪಾ ನಿಲ್ಲೋದು ಅಂತ ಹೆದರಿದ್ದೆ. ನಿಮ್ಮಂಥ ಮನಸ್ಸು ಯಾರಿಗಿದೆ ಓರೆಸ್ಟಣ್ಣ?"

ಅಣ್ಣ!

ಕೇಳದೆಯೇ ನನ್ನ ತಟ್ಟೆಗೆ ಇನ್ನೆರಡು ಪಿರೋಹಿ ಹಾಕಿದಳು, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ನೆಸ್ಟರ್‌ಗೆ ಏನೂ ಬಡಿಸಲಿಲ್ಲ. ತನ್ನ ತಟ್ಟೆ ತಂದು ಅವನ ಪಕ್ಕ ಕೂತು ಉಣ್ಣತೊಡಗಿದಳು.