ಬೀಗ ಹಾಕಿದ ರೇಖಾಗಣಿತ

ಓದದೆ ಯಾವ ಕಾಗದಕ್ಕೂ ವಿಶಾಲಾಕ್ಷಿ ಮೇಡಂ ಸಹಿ ಹಾಕುತ್ತಿರಲಿಲ್ಲ. ಕೆಲಸ ಮುಗಿಯದಿದ್ದರೆ ಓದಿದ ಮೇಲೂ ಹಾಕುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಕನ್ನಡಕ ಏರಿಸಿ, ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿ, ಮುಚ್ಚಳ ಮತ್ತೆ ಹಾಕಿ ಕಾಗದ ವಾಪಸು ಕೊಡುತ್ತಿದ್ದರು. ಬಸವೇಶ್ವರನಗರದ ಆ ಮನೆಗೆ ಇಂಟರ್ನೆಟ್ ಹಾಕಲು ಹೋದ ನಮ್ಮ ಕಂಪನಿಯ ಇಬ್ಬರು ಹೀಗೆ ಬರಿಗೈಯಲ್ಲಿ ಮರಳಿದ್ದರು. ಆಮೇಲೆ ನನ್ನನ್ನು ಅಟ್ಟಿದರು. "ಹೋಗ್ ಬಾ ಮಗಾ. ಆಯಮ್ಮನ ಕಂಪ್ಯೂಟರೇ ಬೇರೆ ಥರ" ಎಂದು ಸೀನಿಯರ್ ಒಬ್ಬ ನಕ್ಕ.

ರಾಣೆಬೆನ್ನೂರಿನಿಂದ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಏಣಿ ಹೊತ್ತು, ಕಂಬ ಹತ್ತಿ, ವೈರು ಎಳೆದು, ಮೋಡೆಮ್ ಇಟ್ಟು, ಕಂಪನಿ ಕೊಟ್ಟ ಸಿಡಿ ಹಾಕಿ 'ನೆಕ್ಸ್ಟ್' ಒತ್ತುತ್ತಾ ಹೋಗುವುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಆ ಮನೆಯಲ್ಲಿ ಸಿಡಿ ಹಾಕಿದೆ. ಅದು ಗಿರ್ರೆಂದು ತಿರುಗಿ ಸುಮ್ಮನಾಯಿತು. ಪರದೆಯ ಮೇಲೆ ನನಗೆ ಪರಿಚಯದ ಒಂದು ಚಿತ್ರವೂ ಇರಲಿಲ್ಲ.

"ಇದ್ರಾಗ ಸ್ಟಾರ್ಟ್ ಬಟನ್ ಎಲ್ಲೈತ್ರಿ ಮೇಡಂ?"

"ಇಲ್ಲಪ್ಪ. ನಿಮ್ಮ ಸಿಡಿ ವಿಂಡೋಸ್‌ಗೆ ಮಾಡಿರೋದು. ಇದು ಲಿನಕ್ಸು."

ನಾನು ಹೆದರಿ ಕಾಲ್ ಸೆಂಟರಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಆ ಕಡೆಯ ಹುಡುಗಿಯ ದನಿ ನನಗೂ ಕೇಳುತ್ತಿತ್ತು.

"ಸ್ಟಾರ್ಟ್ ಒತ್ತಿ ಮೇಡಂ."

"ಸ್ಟಾರ್ಟ್ ಇಲ್ಲಮ್ಮ."

"ಎಡಗಡೆ ಕೆಳಗೆ ಇರುತ್ತೆ ನೋಡಿ ಮೇಡಂ."

"ನಮ್ಮನೇಲಿ ಅಲ್ಲಿ ಏನೂ ಇಲ್ಲಮ್ಮ."

"ಹಾಗಾದ್ರೆ ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಮೇಡಂ. ಸರಿ ಮಾಡಿಸ್ಕೊಂಡು ಫೋನ್ ಮಾಡಿ."

ಮೇಡಂ ಫೋನಿಟ್ಟು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಕೂತ್ಕೋಪ್ಪ, ಬಿಸಿಲಲ್ಲಿ ಬಂದಿದೀಯ" ಎಂದು ಒಳಗಿದ್ದ ತಂಗಿಗೆ ಕಾಫಿ ಹೇಳಿದರು. ಆಮೇಲೆ ಮೋಡೆಮ್ಮನ್ನು ತಿರುಗಿಸಿ ಅದರ ಬೆನ್ನು ತೋರಿಸಿದರು. "ನೀವೆಲ್ಲ ಈ ಚಿಕ್ಕ ತೂತಿಗೆ ವೈರ್ ಹಾಕ್ತೀರ. ಪಕ್ಕದಲ್ಲಿ ಇನ್ನೊಂದಿದೆ ನೋಡು, ಅದಕ್ಕೆ ಹಾಕು. ಸಿಡಿ ಗಿಡಿ ಏನೂ ಬೇಡ." ಹಾಕಿದೆ. ಅವರು ಕಪ್ಪು ಪರದೆಯೊಂದನ್ನು ತೆರೆದು ಏನೋ ಟೈಪು ಮಾಡಿದರು. ಕಾಫಿ ಬರುವಷ್ಟರಲ್ಲಿ ಇಂಟರ್ನೆಟ್ ಬಂದಿತ್ತು. ನನ್ನ ಕಾಗದವನ್ನು ಓದಿ ಸಹಿ ಹಾಕಿದರು. 'ಗ್ರಹಕರು' ಎಂದು ಅಚ್ಚಾಗಿದ್ದುದಕ್ಕೆ ದೀರ್ಘ ಹಾಕಿ ತಿದ್ದಿ ಕೊಟ್ಟರು.

ಮೇಡಂ ರಾಜಾಜಿನಗರದ ಹುಡುಗಿಯರ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತೆಳ್ಳನೆಯ ದೇಹ, ಗಂಜಿ ಹಾಕಿದ ಕಾಟನ್ ಸೀರೆ. ಮಾತಾಡುವಾಗ ಹೆಬ್ಬೆರಳು, ತೋರುಬೆರಳು ಸೀಮೆಸುಣ್ಣ ಹಿಡಿದಂತೆಯೇ ಇರುತ್ತಿದ್ದವು. ಗಂಡನನ್ನು ಕಳೆದುಕೊಂಡ ತಂಗಿ ಕಮಲಮ್ಮ ಅವರ ಜೊತೆಗಿದ್ದರು. ಅಕ್ಕ ತಂಗಿಯರ ನಡುವೆ ಜಗಳಕ್ಕಿದ್ದ ಕಾರಣ ಆ ಕಂಪ್ಯೂಟರ್ ಒಂದೇ. ನೆಂಟರು ಮದುವೆಯ ಸಿಡಿ ಕಳಿಸಿದರೆ ಅದು ಈ ಮನೆಯಲ್ಲಿ ಓಡುತ್ತಿರಲಿಲ್ಲ. ಕಮಲಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರುಮನೆಗೆ ಹೋಗಿ ನೋಡಿ ಬಂದು, "ಅವರ ಮನೇಲಿ ಹಾಡಿನ ಸಮೇತ ಬರುತ್ತೆ. ನಮ್ಮನೇದಕ್ಕೆ ಏನು ರೋಗ?" ಎಂದು ನನ್ನನ್ನು ಕೇಳುತ್ತಿದ್ದರು.

ಕಂಪ್ಲೇಂಟು ಬಂದಾಗಲೆಲ್ಲ ಕಂಪನಿಯವರು ನನ್ನನ್ನೇ ಕಳಿಸತೊಡಗಿದರು. ಹಾಗಾಗಿ ಮೇಡಂ ಪಡುತ್ತಿದ್ದ ಪಾಡು ಒಂದೊಂದೇ ಕಣ್ಣಿಗೆ ಬಿತ್ತು. ಲಿನಕ್ಸಿಗೂ ಆಗುತ್ತದೆಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಪ್ರಿಂಟರ್ ಪುಟದ ಮೇಲರ್ಧವನ್ನು ಮಾತ್ರ ಮುದ್ರಿಸುತ್ತಿತ್ತು. ಬ್ಯಾಂಕಿನ ಪುಟ ತೆರೆದರೆ, ನಿಮ್ಮ ಬ್ರೌಸರ್ ನಡೆಯುವುದಿಲ್ಲ ಎಂಬ ಒಂದೇ ಸಾಲು. ಮೊಬೈಲಿನ ಫೋಟೋಗಳು ಮೊಬೈಲಿನಲ್ಲೇ ಕೊಳೆಯುತ್ತಿದ್ದವು. ಲಿನಕ್ಸೇನೂ ಸಾಧುವಲ್ಲ. ಒಮ್ಮೆ ಅಪ್‌ಡೇಟ್ ಮಾಡಿದ್ದಕ್ಕೆ ಸೌಂಡು ಹೋಯಿತು; ಇನ್ನೊಮ್ಮೆ ಕನ್ನಡದ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕಕ್ಕೆ ಬಂದು ಕುಳಿತವು.

"ಮತ್ಯಾಕ್ರಿ ಮೇಡಂ ಇಷ್ಟು ತ್ರಾಸು? ಎಲ್ಲಾರಂಗ ನೀವೂ ವಿಂಡೋಸ್ ಹಾಕ್ಸಿಬಿಡ್ರಿ" ಎಂದು ಕೇಳಿದೆ.

"ಇದೂ ಸತಾಯಿಸುತ್ತೆ ಕಣಪ್ಪ. ಆದ್ರೆ ಯಾಕೆ ಅಂತ ಕೇಳಿದ್ರೆ ಏನೋ ಒಂದು ಉತ್ತರ ಹೇಳುತ್ತೆ" ಎಂದರು. ಆಮೇಲೆ ನಿಜವಾದ ಕಾರಣ ಹೇಳಿದರು.

ನಿವೃತ್ತಿಗೆ ಮುಂಚೆಯೇ ಅವರು ಒಂದು ಪುಸ್ತಕ ಶುರು ಮಾಡಿದ್ದರು. ರೇಖಾಗಣಿತವೆಂದರೆ ಅಳುವ ಹುಡುಗಿಯರಿಗಾಗಿ, ಮನೆಯೊಳಗಿನ ವಸ್ತುಗಳನ್ನೇ ಹಿಡಿದು ಬರೆದದ್ದು. ಚಪಾತಿಯನ್ನು ಮೂರು ಜನಕ್ಕೆ ಸಮನಾಗಿ ಹಂಚುವುದು ಹೇಗೆ, ಸೀರೆ ಮಡಿಸುವಾಗ ಅಂಚಿಗೆ ಅಂಚು ಯಾಕೆ ಕೂಡುತ್ತದೆ, ಇಂಥವು. ವರ್ಷಗಟ್ಟಲೆ ಸಂಜೆ ಕುಳಿತು ಟೈಪು ಮಾಡಿದ್ದು ಆಗ ಸಿಗುತ್ತಿದ್ದ ಒಂದು ಕನ್ನಡ ಸಾಫ್ಟ್‌ವೇರಿನಲ್ಲಿ. ಅದರ ಜೊತೆ ಬೆಂಕಿಪೊಟ್ಟಣದಂಥ ಒಂದು ಪ್ಲಗ್ಗು ಬರುತ್ತಿತ್ತು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಯಾರೂ ನಕಲು ಮಾಡದಿರಲಿ ಎಂದು ಕಂಪನಿಯವರು ಹಾಕಿದ ಬೀಗ. ಒಂದು ದಿನ ಆ ಬೀಗ ಸುಟ್ಟುಹೋಯಿತು. ಹೊಸದು ಕೇಳೋಣವೆಂದರೆ ಕಂಪನಿಯೇ ಮುಚ್ಚಿತ್ತು. ಬೇರೆ ಯಾವುದರಲ್ಲಿ ತೆರೆದರೂ ಕನ್ನಡದ ಬದಲು ಟೋಪಿ, ಬಾಲ, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ.

"ನಾನೇ ಬರೆದಿದ್ದನ್ನ ನಾನೇ ಓದೋಕೆ ಇನ್ನೊಬ್ರ ಬೀಗದಕೈ ಬೇಕು. ಇದ್ಯಾವ ನ್ಯಾಯ ಹೇಳು? ಅವತ್ತೇ ತೀರ್ಮಾನ ಮಾಡ್ದೆ, ಇನ್ಮೇಲೆ ಬೀಗ ಇರೋ ಯಾವುದನ್ನೂ ಮನೆಗೆ ತರಲ್ಲ ಅಂತ." ದನಿ ಏರಲಿಲ್ಲ. ಆದರೆ ಬೆರಳುಗಳು ಸೀಮೆಸುಣ್ಣ ಮುರಿದಂತೆ ಬಿಗಿದಿದ್ದವು.

ಕೆಲವು ತಿಂಗಳ ಮೇಲೆ ರಾಜಾಜಿನಗರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯೊಂದಕ್ಕೆ ವೈರು ಹಾಕಲು ಹೋಗಿದ್ದೆ. ಮೂಲೆಯ ಹಳೇ ಕಂಪ್ಯೂಟರಿನ ಹಿಂದೆ ಕೈ ಹಾಕಿದಾಗ ಬೆಂಕಿಪೊಟ್ಟಣದಂಥದ್ದೇನೋ ತಗುಲಿತು. ಕೇಳಿದರೆ ಅದೇ ಸಾಫ್ಟ್‌ವೇರ್! ಅಲ್ಲಿಂದಲೇ ಮೇಡಂಗೆ ಫೋನು ಮಾಡಿದೆ. ಪುಸ್ತಕದ ಫೈಲಿದ್ದ ಸಿಡಿ ಹಿಡಿದು ಆಟೋದಲ್ಲಿ ಬಂದೇಬಿಟ್ಟರು. ಕಾಲಲ್ಲಿ ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿ.

ಅಂಗಡಿಯ ಮಲ್ಲಿಕಾರ್ಜುನಪ್ಪ ದಾವಣಗೆರೆ ಕಡೆಯವರು. "ನೋಡ್ರಿ ಮೇಡಂ, ಹಿಂದ್ಗಡೆ ಮುಟ್ಬೇಡ್ರಿ. ಲೂಸಾಗೈತಿ, ಅಲುಗಾಡಿದ್ರೆ ಹೋತು" ಎಂದು ಕುರ್ಚಿ ಬಿಟ್ಟುಕೊಟ್ಟರು. ಫೈಲು ತೆರೆಯಿತು. ಮೊದಲ ಪುಟದಲ್ಲಿ ಕನ್ನಡ ದುಂಡಗೆ ಮೂಡಿತು. ಮೇಡಂ ಅಳಬಹುದು ಎಂದು ನಾನು ಬೇರೆ ಕಡೆ ನೋಡಿದೆ. ಅವರು ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲೇ ಓದುತ್ತಾ, "ಅಯ್ಯಯ್ಯೋ, ಎರಡನೇ ಲೆಕ್ಕ ತಪ್ಪು ಹಾಕಿದೀನಲ್ಲ!" ಎಂದರು.

ಆ ಫೈಲನ್ನು ಬೇರೆ ರೂಪಕ್ಕೆ ಬದಲಿಸಲು ಆ ಸಾಫ್ಟ್‌ವೇರಿನಲ್ಲಿ ದಾರಿಯಿರಲಿಲ್ಲ. ಕಾಗದದ ಮೇಲೆ ಮುದ್ರಿಸಿಕೊಳ್ಳುವುದೊಂದೇ ಉಳಿದದ್ದು. ಒಂದೊಂದೇ ಪುಟ ಬರತೊಡಗಿತು. ಮೇಡಂ ಬಿಸಿಬಿಸಿ ಹಾಳೆಗಳನ್ನು ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಸಾಫ್ಟ್‌ವೇರ್ ಏಳಲಿಲ್ಲ. ಮಲ್ಲಿಕಾರ್ಜುನಪ್ಪ ಬೀಗ ಬಿಚ್ಚಿ, ಊದಿ, ಒರೆಸಿ ಹಾಕಿದರು. ಏನೂ ಆಗಲಿಲ್ಲ. ಕೊನೆಯ ಎರಡು ಅಧ್ಯಾಯ ಒಳಗೇ ಉಳಿದವು.

"ನಿಮ್ಮ ಮದುವೆ ಸೀಸನ್ ಕೆಲಸಕ್ಕೂ ಕಲ್ಲು ಹಾಕಿಬಿಟ್ನಲ್ಲಪ್ಪ" ಎಂದು ಮೇಡಂ ಅಂಗಡಿಯವರ ಕ್ಷಮೆ ಕೇಳಿದರು. "ಇವತ್ತಲ್ಲ ನಾಳೆ ಹೋಗೋದೇ ಇತ್ರಿ. ಬ್ಯಾರೆ ಹೊಸಾ ಸಾಫ್ಟ್‌ವೇರ್ ತಂದು ಇಟ್ಟೀನಿ" ಎಂದರು ಮಲ್ಲಿಕಾರ್ಜುನಪ್ಪ. ಹೊರಗೆ ಬಂದು ಆಟೋ ಕಾಯುವಾಗ ಮೇಡಂ ಹಾಳೆಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಕೊನೆಯ ಅಧ್ಯಾಯದಲ್ಲಿ ಏನಿತ್ತು ಎಂದು ಕೇಳಿದೆ. "ನೆನಪಿಲ್ಲ" ಎಂದರು. ಅಷ್ಟು ಸೋತ ದನಿಯನ್ನು ನಾನು ಅವರಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಭಾನುವಾರಗಳಂದು ಅವರ ಮನೆಗೆ ಹೋಗತೊಡಗಿದೆ. ಹಾಳೆ ನೋಡಿ ನಾನು ಓದುವುದು, ಅವರು ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡುವುದು. ಈ ಅಕ್ಷರಕ್ಕೆ ಯಾರ ಬೀಗವೂ ಇಲ್ಲ, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ ಎಂಬುದು ಅವರ ನಂಬಿಕೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಎರಡು ಸಲ ಕಟ್ಟಿದವನು. ಓದುತ್ತಾ ಓದುತ್ತಾ ಅಲ್ಲಲ್ಲಿ ತೊಡರುತ್ತಿದ್ದೆ. "ಯಾಕೆ ನಿಂತೆ? ಅರ್ಥ ಆಗಿಲ್ವಾ? ಎಲ್ಲಿ ತಪ್ಪಿತು, ಹೇಳು" ಎಂದು ಪಟ್ಟು ಹಿಡಿದು ಕೇಳುತ್ತಿದ್ದರು. ನಾನು ಹೇಳಿದರೆ ಆ ವಾಕ್ಯವನ್ನೇ ಅಳಿಸಿ ಬೇರೆ ಬರೆಯುತ್ತಿದ್ದರು. ಕಳೆದುಹೋದ ಅಧ್ಯಾಯಗಳ ಜಾಗಕ್ಕೆ ಹೊಸದು ಬಂತು. ಅದರಲ್ಲಿ ಒಬ್ಬ ಹುಡುಗ ಕಂಬಕ್ಕೆ ಏಣಿ ಒರಗಿಸುತ್ತಾನೆ. ಏಣಿಯ ಬುಡ ಎಷ್ಟು ದೂರವಿಟ್ಟರೆ ತುದಿ ಎಷ್ಟು ಎತ್ತರ ಮುಟ್ಟುತ್ತದೆ ಎಂದು ಹುಡುಗಿಯರು ಅವನಿಗೆ ಲೆಕ್ಕ ಮಾಡಿ ಹೇಳುತ್ತಾರೆ. ಕಮಲಮ್ಮ ಅದನ್ನು ಓದಿಸಿಕೊಂಡು, "ಪಾಪ, ಆ ಹುಡುಗ ಬೀಳಲ್ಲ ತಾನೆ ಅಕ್ಕ?" ಎಂದು ಕೇಳಿದ್ದರು.

ಪುಸ್ತಕವನ್ನು ಸಿಡಿಗೆ ಹಾಕಿ ಸುತ್ತಲಿನ ಶಾಲೆಗಳಿಗೆ ಹಂಚಿದರು. ಮೊದಲು ಬಂದ ಫೋನು ಹೇರೋಹಳ್ಳಿಯ ಶಾಲೆಯೊಂದರ ಟೀಚರದ್ದು. "ಬರೀ ಚೌಕ ಚೌಕ ಕಾಣುತ್ತೆ ಮೇಡಂ, ಒಂದು ಅಕ್ಷರಾನೂ ಇಲ್ಲ." ಆ ಶಾಲೆಯ ವಿಂಡೋಸ್ ಕಂಪ್ಯೂಟರಿಗೆ ಕನ್ನಡವನ್ನು ಯಾರೂ ಹಾಕಿಯೇ ಇರಲಿಲ್ಲ. ಲಿನಕ್ಸ್ ಹಾಕಿಸಿಕೊಳ್ಳಿ ಎಂದು ಮೇಡಂ ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ಅವರು ಫೋನಿಟ್ಟು, "ನಾಳೆ ರಜಾ ಹಾಕ್ತೀಯೇನಪ್ಪ?" ಎಂದರು.

ಗುಂಡಿ ಬಿದ್ದ ರಸ್ತೆಯಲ್ಲಿ ನನ್ನ ಬೈಕಿನ ಹಿಂದೆ ಒಂದು ಪಕ್ಕಕ್ಕೆ ಕುಳಿತು ಬಂದರು. ಆ ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು, ತಮಗೆ ಸೇರದ ಆ ಪರದೆಯಲ್ಲಿ ಹುಡುಕಿ ಹುಡುಕಿ, ಯಾರ ಹತ್ತಿರವೋ ಬೇಡಿ ತಂದಿದ್ದ ವಿಂಡೋಸ್ ಸಿಡಿಯಿಂದ ಕನ್ನಡ ಕೂರಿಸಿದರು. ಚೌಕಗಳೆಲ್ಲ ಅಕ್ಷರವಾದವು. ಸುತ್ತ ನಿಂತ ಹುಡುಗಿಯರು ಚಪಾತಿಯ ಲೆಕ್ಕವನ್ನು ಒಟ್ಟಿಗೆ ಗಟ್ಟಿಯಾಗಿ ಓದತೊಡಗಿದರು.

"ನಿಮ್ಮ ಹಠ ಏನಾತ್ರಿ ಮೇಡಂ?" ಎಂದು ವಾಪಸು ಬರುವಾಗ ರೇಗಿಸಿದೆ.

"ಹಠ ನಂದು. ಓದ್ಬೇಕಾದೋರು ಅವರು" ಎಂದರು. ಮುಂದಿನ ವಾರ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಬೆಂಗಳೂರಿಗೆ ಬಂದಾಗ ಮನೆಗೆ ಹೋದೆ. ಕಮಲಮ್ಮ ಕಾಫಿ ಕೊಟ್ಟರು. ಕಂಪ್ಯೂಟರ್ ಇದ್ದ ಜಾಗದಲ್ಲೇ ಇತ್ತು, ಧೂಳಿರಲಿಲ್ಲ.

"ದಿನಾ ಬೆಳಿಗ್ಗೆ ಆನ್ ಮಾಡ್ತೀನಪ್ಪ. ಅಕ್ಕನ ಹೆಸರು ಬರುತ್ತೆ. ಆಮೇಲೆ ಪಾಸ್‌ವರ್ಡ್ ಕೇಳುತ್ತೆ. ನಂಗೆ ಹೇಳಿರ್ಲಿಲ್ಲ. ಒಂದು ಚೂರು ಹೊತ್ತು ನೋಡ್ಕೊಂಡಿದ್ದು ಆಫ್ ಮಾಡ್ತೀನಿ."

ಅಷ್ಟು ಹೊತ್ತಿಗೆ ನನಗೂ ಆ ವಿದ್ಯೆ ಸ್ವಲ್ಪ ಬಂದಿತ್ತು. "ನಾ ತೆಗೆದು ಕೊಡ್ಲೇನ್ರಿ ಅಮ್ಮ? ಪಾಸ್‌ವರ್ಡ್ ಇಲ್ದಂಗ ಮಾಡಬಹುದು, ನೇರ ಒಳಗ ಹೋಗ್ತದ."

ಕಮಲಮ್ಮ ಯೋಚಿಸಿದರು. ಖಾಲಿ ಲೋಟಗಳನ್ನು ಎತ್ತಿಕೊಂಡು ಎದ್ದರು.

"ನೇರ ಒಳಗೆ ಹೋದ್ರೆ ಆ ಹೆಸರು ಬರಲ್ವಲ್ಲ" ಎಂದರು. "ಬೇಡ, ಬಿಡಪ್ಪ."