ನೀಲವ್ವನ ಮೇಲೆ ಹೊಟ್ಟೆಕಿಚ್ಚು

ಅರವತ್ತು ದಾಟಿದ ಹೆಂಗಸಿಗೆ ಹೊಟ್ಟೆಕಿಚ್ಚು ಪಡಲು ಇನ್ನೇನು ಉಳಿದಿರುತ್ತದೆ ಎಂದು ನೀವು ಕೇಳಬಹುದು. ಪಕ್ಕದ ಮನೆಯವರ ಕಾರು, ವಾರಗಿತ್ತಿಯ ಬಳೆ, ಇವನ್ನೆಲ್ಲ ನೋಡಿ ಕರುಬುವ ವಯಸ್ಸು ನನಗೂ ದಾಟಿತ್ತು. ಆದರೂ ಕರುಬಿದೆ. ಅದೂ ನಾನೇ ಹುಡುಕಿ, ವಿಚಾರಿಸಿ, ಮನೆಗೆ ಕರೆಸಿಕೊಂಡ ಹೆಂಗಸಿನ ಮೇಲೆ.

ಎಂಬತ್ತೆರಡರ ನಮ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ವಿಜಯನಗರದ ನಮ್ಮ ಮನೆಯಲ್ಲಿ ಮಲಗಿದ್ದ ದಿನಗಳವು. ಮನೆಗೆ ಬಂದು ಮುದುಕರನ್ನು ನೋಡಿಕೊಳ್ಳುವವರ ಬಗ್ಗೆ ಆಗ ಬೀದಿಗೊಂದು ಕಥೆ. ಒಬ್ಬಳು ಅಜ್ಜಿಗೆ ನಿದ್ದೆ ಮಾತ್ರೆ ಕೊಟ್ಟು ಧಾರಾವಾಹಿ ನೋಡುತ್ತಿದ್ದಳಂತೆ, ಇನ್ನೊಬ್ಬಳು ಎರಡೆಳೆ ಸರದ ಸಮೇತ ಮಾಯವಾದಳಂತೆ. ಹಾಗಾಗಿ ಬಸವೇಶ್ವರನಗರದ ಏಜೆನ್ಸಿಯಲ್ಲಿ ಕೂತು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಗತ್ತಿನಲ್ಲಿ ನೀಲವ್ವನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದೆ. ಫೋಟೋ, ರೇಷನ್ ಕಾರ್ಡಿನ ಜೆರಾಕ್ಸ್, ಹಿಂದೆ ಕೆಲಸ ಮಾಡಿದ ಮನೆಯವರ ಫೋನ್ ನಂಬರು, ಎಲ್ಲ ತೆಗೆದುಕೊಂಡೆ. ಬಾಗಲಕೋಟೆ ಕಡೆಯವಳು. ಗಂಡನಿಗೆ ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಲಸ, ಮೂಡಲಪಾಳ್ಯದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೋಗುವುದೆಂದು ಮಾತಾಯಿತು.

ನಾನು ಹೆದರಿದ್ದ ಒಂದು ತಪ್ಪನ್ನೂ ಅವಳು ಮಾಡಲಿಲ್ಲ. ಕಷ್ಟ ಶುರುವಾಗಿದ್ದೇ ಅಲ್ಲಿ.

ಅವಳದ್ದೊಂದು ಕ್ರಮವಿತ್ತು. ಅಮ್ಮನ ಮೈ ಮುಟ್ಟುವ ಮೊದಲು ಹೇಳುತ್ತಿದ್ದಳು. "ಅಮ್ಮಾರ, ಈಗ ನಿಮ್ಮನ್ನ ಎಡಕ್ಕ ಹೊಳ್ಳಸ್ತೀನ್ರಿ. ಹೂಂ ಅನ್ರಿ." ಅಮ್ಮ ಮಹಾರಾಣಿಯ ಗತ್ತಿನಲ್ಲಿ "ಹೂಂ" ಎಂದ ಮೇಲೆಯೇ ಕೈ ಹಾಕುವುದು. ನಾನೋ, ಪ್ರೀತಿ ಇದೆಯೆಂಬ ಅಧಿಕಾರದಲ್ಲಿ ಹೇಳದೆ ಕೇಳದೆ ಎಳೆದು ತಿರುಗಿಸುತ್ತಿದ್ದೆ. "ಅಯ್ಯೋ, ನೋಯತ್ತೆ ಕಣೇ ವಿಮಲಾ. ನೀಲವ್ವ ಬರ್ಲಿ ಬಿಡು," ಎಂದು ಅಮ್ಮ ಅಂದ ದಿನ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ. ನನ್ನ ಉಪ್ಪಿಟ್ಟನ್ನು ಎರಡು ತುತ್ತಿಗೆ ಸಾಕೆನ್ನುವ ಅಮ್ಮ, ನೀಲವ್ವ ಡಬ್ಬಿಯಲ್ಲಿ ತಂದ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿಕೊಂಡು ತಿಂದಳು. ನಾವು ಹಳೇ ಮೈಸೂರಿನ ರಾಗಿ ಜನ. ನನಗೆ ಎಷ್ಟು ಉರಿದಿರಬೇಕು ಹೇಳಿ.

ಅರಿಷಡ್ವರ್ಗಗಳಲ್ಲಿ ಮತ್ಸರವನ್ನು ಕೊನೆಗೆ ಇಟ್ಟವರು ತಿಳಿದೇ ಇಟ್ಟಿರಬೇಕು. ಕಾಮ, ಕ್ರೋಧಗಳೆಲ್ಲ ಪೆನ್ಷನ್ ಬರುವ ಹೊತ್ತಿಗೆ ಒಂದೊಂದಾಗಿ ತಣ್ಣಗಾಗುತ್ತವೆ, ಇದೊಂದು ಮಾತ್ರ ಸೇವೆಯಲ್ಲಿ ಮುಂದುವರಿಯುತ್ತದೆ. ಸವತಿ ಮತ್ಸರಕ್ಕೆ ನಮ್ಮಲ್ಲಿ ಹೆಸರಿದೆ, ದಾಯಾದಿ ಮತ್ಸರಕ್ಕೂ ಇದೆ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವಳ ಮೇಲೆ ಮಗಳಿಗೆ ಬರುವ ಮತ್ಸರಕ್ಕೆ ಯಾರೂ ಹೆಸರಿಟ್ಟಿಲ್ಲ. ಇಟ್ಟಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ನೀಲವ್ವನಿಗೆ ಅಕ್ಷರ ಅಷ್ಟಕ್ಕಷ್ಟೆ. ಅಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟ ತಕ್ಷಣ ತಟ್ಟೆಯ ಮೇಲಿನ ಸ್ಟೀಲ್ ಲೋಟವನ್ನು ಬೋರಲು ಹಾಕುತ್ತಿದ್ದಳು. ಬೋರಲಿದ್ದರೆ ಮಾತ್ರೆ ಆಯಿತೆಂದು ಅರ್ಥ. "ಅಕ್ಕಾರ, ನೀವು ಕೊಟ್ರೂ ಹಿಂಗ ಮಾಡ್ರಿ," ಎಂದು ಮೊದಲ ವಾರವೇ ಹೇಳಿದ್ದಳು. ನನ್ನ ಮನೆಯಲ್ಲಿ, ನನ್ನ ಲೋಟಕ್ಕೆ, ಇವಳ ಕಾನೂನೇ ಎಂದು ನಾನು ಕೇಳಿಸಿಕೊಳ್ಳದವಳಂತೆ ಹೋಗಿದ್ದೆ.

ಒಂದು ಬೆಳಿಗ್ಗೆ, ನೀಲವ್ವ ಬರುವ ಮೊದಲೇ ಅಮ್ಮನ ಸೇವೆಯಲ್ಲಿ ಒಂದನ್ನಾದರೂ ನಾನು ಗೆಲ್ಲಬೇಕೆಂದು ಮಾತ್ರೆಯನ್ನು ನಾನೇ ನುಂಗಿಸಿದೆ. ಲೋಟವನ್ನು ನೆಟ್ಟಗೇ ಇಟ್ಟೆ, ಬೇಕೆಂದೇ. ಆಮೇಲೆ ಸೊಪ್ಪು ತರಲು ಹೋದೆ. ಎಂಟಕ್ಕೆ ಬಂದ ನೀಲವ್ವ ನೆಟ್ಟಗಿದ್ದ ಲೋಟ ನೋಡಿ ತಾನೂ ಮಾತ್ರೆ ಕೊಟ್ಟಳು. ಅಮ್ಮ ಅದನ್ನೂ ನುಂಗಿದಳು.

ಹತ್ತೂವರೆಗೆ ಅಮ್ಮನ ಹಣೆಯಲ್ಲಿ ಬೆವರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸೆಕೆ ಎಂದು ನಾನು ಫ್ಯಾನ್ ಜೋರು ಮಾಡಿದೆ. ನೀಲವ್ವ ಹಣೆ ಮುಟ್ಟಿದವಳೇ, "ಸಕ್ಕರಿ ನೀರು ತರ್ರಿ, ಲಗೂನ!" ಎಂದು ಕೂಗಿ, ಅಮ್ಮನನ್ನು ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದಳು. ನಾನು ಡಾಕ್ಟರಿಗೆ ಫೋನ್ ಮಾಡಿದೆ. "ಮಾತ್ರೆ ಎಷ್ಟು ಕೊಟ್ರಿ? ಸರಿಯಾಗಿ ಹೇಳಿ," ಎಂದರು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದು ಕ್ಷಣ ನಾನು ಸುಮ್ಮನಿದ್ದೆ. ಹಾಗೆಯೇ ಸುಮ್ಮನಿದ್ದರೆ ತಪ್ಪು ನೀಲವ್ವನ ತಲೆಗೆ ಬರುತ್ತದೆ, ಏಜೆನ್ಸಿಯವರು ಅವಳನ್ನು ಕರೆಸಿಕೊಳ್ಳುತ್ತಾರೆ, ಅಮ್ಮ ಮತ್ತೆ ನನ್ನವಳಾಗುತ್ತಾಳೆ. ಅಷ್ಟೂ ಯೋಚನೆ ಒಂದೇ ಉಸಿರಿನಲ್ಲಿ ಬಂತು. ಅಮ್ಮನ ಮುಖ ನೋಡಿದೆ. "ಎರಡು, ಡಾಕ್ಟ್ರೇ. ಮೊದಲನೇದು ನಾನೇ ಕೊಟ್ಟೆ. ಇವಳಿಗೆ ಹೇಳಿರಲಿಲ್ಲ," ಎಂದೆ.

ನೀಲವ್ವ ನನ್ನನ್ನು ಬೈಯಬಹುದಿತ್ತು. "ಹೇಳಿದ್ದು ಚಲೋ ಆತ್ರಿ ಅಕ್ಕಾರ. ಇಲ್ಲಾಂದ್ರ ಮಧ್ಯಾಹ್ನದ್ದೂ ಕೊಟ್ಟಬಿಡತಿದ್ದೆ," ಎಂದಳು, ಅಷ್ಟೆ. ಮೆಟ್ರೋಗೆಂದು ಅಗೆದುಹಾಕಿದ್ದ ರಸ್ತೆಯಲ್ಲಿ ಆಟೋ ಕುಲುಕುತ್ತಾ ಆಸ್ಪತ್ರೆಗೆ ಹೋಗುವಾಗ ಅಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಆಗಲೂ ನನಗೆ ಒಂಚೂರು ಉರಿಯಿತು ಎಂದರೆ ನೀವು ನಂಬಬೇಕು.

ಗ್ಲೂಕೋಸ್ ಏರಿಸಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಮೇಲೆ ಕೇಳಿದೆ. "ಅಲ್ಲಮ್ಮಾ, ನಾನು ಕೊಟ್ಟಿದ್ದು ನಿನಗೆ ನೆನಪಿರಲಿಲ್ವಾ?"

"ಇತ್ತು ಕಣೇ," ಎಂದಳು ಅಮ್ಮ. "ಬೇಡ ಅಂದಿದ್ರೆ ಅವಳು ಯಾಕೆ ಅಂತ ಕೇಳೋಳು. ನೀನು ಅವಳಿಗೆ ಗೊತ್ತಾಗ್ದಂಗೆ ಕೊಟ್ಟಿದ್ದು ಅಂತ ನಾನು ಹೇಳ್ಬೇಕಾಗ್ತಿತ್ತು. ನಿನ್ನ ಮಾನ ಹೋಗ್ತಿತ್ತಲ್ಲ."

ಏಜೆನ್ಸಿಯವರು ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡಿ ನೀಲವ್ವ ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಈ ಮನೆಯ ಮಗಳು ಹೇಗೆ ಎಂದು ನೀಲವ್ವನನ್ನು ಯಾರೂ ಕೇಳುವುದಿಲ್ಲ. ನನ್ನ ಪುಣ್ಯ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ, ಹಾಗೆಯೇ ಇದೆ. ಆದರೆ ಅದನ್ನು ಈಗ ನಾನೇ ನುಂಗುತ್ತೇನೆ, ಅಮ್ಮನಿಗೆ ನುಂಗಿಸುವುದಿಲ್ಲ.