ತೊರೆಯ ದಂಡೆಯ ಚೆಂಡುಹೂವು

ಅಕ್ಕ ಕೇಳಿದ ದಿನವೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ತಪ್ಪನ್ನು ಒಬ್ಬ ಅಜ್ಜಿಯ ತಲೆಗೆ ಕಟ್ಟಿದರು, ನಾನು ನೋಡುತ್ತ ನಿಂತೆ.

ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಎರಡು ಸಾವಿರದ ಐದರ ಸುಮಾರಿಗೆ ನನ್ನನ್ನು ಉಡುಪಿಯಿಂದ ಸಿಡ್ನಿಗೆ ಕರೆಸಿಕೊಂಡು, ಅಲ್ಲಿನ ಹ್ಯಾರಿಸ್ ಪಾರ್ಕ್ ಬಡಾವಣೆಯ ಸಿಹಿತಿಂಡಿ ಅಂಗಡಿಯಲ್ಲಿ ಕೆಲಸ ಕೊಡಿಸಿ, ಕ್ವೇಕರ್ಸ್ ಹಿಲ್‌ನ ತನ್ನ ಬಾಡಿಗೆ ಮನೆಯಲ್ಲಿ ಕೋಣೆ ಬಿಟ್ಟುಕೊಟ್ಟವಳು ಅಕ್ಕ. ತಿಂಗಳಿಗೊಂದು ಭಾನುವಾರ ಬ್ಲೂ ಮೌಂಟನ್ಸ್ ಕಾಡಿನ ಅಂಚಿಗೂ ಕರೆದೊಯ್ಯುತ್ತಿದ್ದಳು. ಅಲ್ಲಿ ಅವಳೂ ಇನ್ನೂ ಏಳೆಂಟು ಜನರೂ ಒಂದು ತೊರೆಯ ದಂಡೆಯಲ್ಲಿ ಹೊರಗಿನಿಂದ ಬಂದು ಕಾಡಿನ ಗಿಡಗಳನ್ನು ಅಳಿಸುವ ಕಳೆಗಿಡ ಕೀಳುತ್ತಿದ್ದರು. ಕಾಡಿನದು ಯಾವುದು, ಹೊರಗಿನದು ಯಾವುದು ಎಂದು ಎಲೆ ಹಿಸುಕಿ ಮೂಗಿಗೆ ಹಿಡಿದು ಕಲಿಸಿದಳು. ಪುಸ್ತಕ ಕಂಡರೆ ಹೆದರುತ್ತಿದ್ದ ನಾನು ಹತ್ತಾರು ಮರಗಳ ಹೆಸರು ಹೇಳುವಂತಾದೆ. ಅವಳಿಗೆ ಇವತ್ತಿಗೂ ಋಣಿ.

ಮನೆಯಲ್ಲಿ ಪೂಜೆ ನನ್ನದು. ದೇವರಿಗೆ ಏರಿಸಿ ತೆಗೆದ ನಿರ್ಮಾಲ್ಯವನ್ನು ಮೊಟ್ಟೆಚಿಪ್ಪಿನ ಜೊತೆ ಕಸದ ಡಬ್ಬಿಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಹಿತ್ತಲೆಲ್ಲ ಸಿಮೆಂಟು. ಒಣಗಿದ ಚೆಂಡುಹೂವನ್ನು ಚೀಲದಲ್ಲಿ ತಂದು, ಯಾರೂ ನೋಡದಾಗ ಆ ತೊರೆಯ ಬದಿಗೆ ಸುರಿಯುತ್ತಿದ್ದೆ. ಹರಿಯುವ ನೀರು, ಮರದ ಬುಡ. ದೇವರ ಹೂವಿಗೆ ಇನ್ನೆಂಥ ಜಾಗ ಬೇಕು ಅಂದುಕೊಂಡಿದ್ದೆ.

ಒಂದು ಒಳ್ಳೆಯ ಮಳೆಯ ನಂತರ ದಂಡೆಯುದ್ದಕ್ಕೂ ಚೆಂಡುಹೂವಿನ ಸಸಿಗಳು ಎದ್ದವು.

"ಇದನ್ನ ಯಾರು ತಂದು ಹಾಕಿದ್ದು ಮಾರಾಯ?" ಎಂದಳು ಅಕ್ಕ.

ನಾನು ಗ್ಲೌಸ್ ಸರಿಮಾಡಿಕೊಂಡೆ.

ಕಾಡಿಗೆ ಅಂಟಿದ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಅವರ ಅಂಗಳದಲ್ಲೂ ಚೆಂಡುಹೂವಿತ್ತು. ಗುಂಪಿನ ಹಿರಿಯರು ಹೋಗಿ, ತೋಟದ ಕಸವನ್ನು ಕಾಡಿಗೆ ಎಸೆಯಬೇಡಿ ಎಂದರು. ತಾನು ಎಸೆದಿಲ್ಲ ಎಂದು ಅಜ್ಜಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಪ್ರತಿ ಸಲ ನಮಗೆಲ್ಲ ಟೀ ತರುತ್ತಿದ್ದವರು ಮುಂದಿನ ತಿಂಗಳು ಬಾಗಿಲನ್ನೇ ತೆರೆಯಲಿಲ್ಲ.

ಆ ದಿನ ಹಿಂತಿರುಗುವಾಗ ಕಾರಿನಲ್ಲಿ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ತನಗೆ ಹೇಳಿದ್ದರೆ ಹೂವನ್ನು ಕುಂಡದ ಮಣ್ಣಿಗೆ ಸೇರಿಸಬಹುದಿತ್ತಲ್ಲ ಎಂದಳು, ಅಷ್ಟೇ. ಕಾರನ್ನು ಬದಿಗೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿದಳು.

"ಅವರ ಹತ್ರ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಲ್ತೇನೆ."

ಬಾಗಿಲು ಅರ್ಧ ತೆರೆಯಿತು. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಹೇಳಿದೆ: "ಹೂವು ಹಾಕಿದ್ದು ನಾನು. ನೀವಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಸಾರಿ."